ಕೊನೆಯ ಹತ್ತು ಪುಟಗಳು

ಪತ್ತೇದಾರಿ ಕಾದಂಬರಿ ಓದುವುದು ಕಾಲಹರಣ ಎಂಬ ಮಾತನ್ನು ನನ್ನ ಅಧ್ಯಾಪನದ ದಿನಗಳಲ್ಲಿ ಎಷ್ಟು ಸಾರಿ ಆಡಿದ್ದೇನೋ ಲೆಕ್ಕವಿಲ್ಲ. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಆ ಉಪದೇಶ ಇನ್ನೂ ನೆನಪಿರಬಹುದು. ಬಂಧುಗಳ ಮನೆಯಲ್ಲಿ ಮಕ್ಕಳ ಕೈಯಲ್ಲಿ ಅಂಥ ಪುಸ್ತಕ ಕಂಡಾಗಲೂ ನಾನು ಸುಮ್ಮನಿದ್ದವನಲ್ಲ. ಇಂದು ಆ ಮಾತನ್ನು ಬಹಿರಂಗವಾಗಿ ಹಿಂತೆಗೆದುಕೊಳ್ಳಬೇಕೆಂದು ಬರೆಯಲು ಕುಳಿತಿದ್ದೇನೆ. ತಪ್ಪನ್ನು ತರಗತಿಯ ಮುಂದೆ ಮಾಡಿದವನು ಅದನ್ನು ತರಗತಿಯ ಮುಂದೆಯೇ ಒಪ್ಪಿಕೊಳ್ಳಬೇಕಲ್ಲವೆ?

1978ರ ಒಂದು ಮಧ್ಯಾಹ್ನ. ಒಂಬತ್ತನೆಯ ತರಗತಿಗೆ ಹಳಗನ್ನಡ ಪದ್ಯವೊಂದರ ಅರ್ಥ ಹೇಳುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬನ ಕಣ್ಣು ಪಠ್ಯಪುಸ್ತಕದ ಮೇಲಿತ್ತು. ಆದರೆ ಆ ಕಣ್ಣಿನಲ್ಲಿದ್ದ ಕಾತರ ಹಳಗನ್ನಡ ಹುಟ್ಟಿಸುವಂಥದ್ದಾಗಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಪಠ್ಯದ ನಡುವೆ ಒಂದು ತೆಳುವಾದ ಪತ್ತೇದಾರಿ ಕಾದಂಬರಿ. ಕಿತ್ತುಕೊಂಡೆ. ಇಡೀ ತರಗತಿಗೆ ಕೇಳುವಂತೆ ನಾಲ್ಕು ಮಾತು ಆಡಿದೆ. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದವನು ಮತ್ತೆ ಸುಮ್ಮನಾದ. ನಾನು ಕೇಳಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಆ ಕಾಲದ ಊರುಗಳನ್ನು ಬಲ್ಲವರಿಗೆ ಬಾಡಿಗೆ ಪುಸ್ತಕದ ಅಂಗಡಿಗಳ ನೆನಪಿರುತ್ತದೆ. ಸ್ವಲ್ಪ ಠೇವಣಿ ಕಟ್ಟಿದರೆ ದಿನಕ್ಕೆ ಇಷ್ಟು ಪೈಸೆಯಂತೆ ಪುಸ್ತಕ ಸಿಗುತ್ತಿತ್ತು. ಸಾಮಾಜಿಕ ಕಾದಂಬರಿಗಳು ಒಂದು ಕಡೆ, ಪತ್ತೇದಾರಿ ಇನ್ನೊಂದು ಕಡೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹೆಸರು ಕೇಳದ ಹುಡುಗರೇ ಇರಲಿಲ್ಲ. ಹೆಚ್ಚಿನ ಶಾಲಾಶಿಕ್ಷಣವಿಲ್ಲದ ನರಸಿಂಹಯ್ಯನವರು ಬರೆದ ಕಾದಂಬರಿಗಳ ಸಂಖ್ಯೆ 500ನ್ನು ಮೀರುತ್ತದೆ. ಅವರ ಪುಸ್ತಕಗಳನ್ನು ಓದಲಿಕ್ಕಾಗಿಯೇ ಅಕ್ಷರ ಕಲಿತೆವು ಎನ್ನುವವರನ್ನು ನಾನೇ ಕಂಡಿದ್ದೇನೆ. ಆದರೆ ವಿದ್ವಾಂಸರು ಅವರನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಲಿಲ್ಲ. ವಿದ್ವಾಂಸರು ಕೂರಿಸದವರನ್ನು ನನ್ನಂಥ ಮೇಷ್ಟ್ರುಗಳು ಬಾಗಿಲಿನ ಒಳಕ್ಕೂ ಬಿಟ್ಟುಕೊಳ್ಳಲಿಲ್ಲ.

ನಾಲ್ಕು ದಶಕಗಳ ನಂತರ, 2018ರಲ್ಲಿ, ನಾನು ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಸುದ್ದಿ ಹೇಗೋ ತಲುಪಿ ಒಂದು ಸಂಜೆ ದೂರವಾಣಿ ಕರೆ ಬಂತು. "ಸಾರ್, ಹಿಂದಿನ ಬೆಂಚಿನವನು. ನೆನಪಿದೆಯೆ?" ಅದೇ ಹುಡುಗ. ಈಗ ಡೆವನ್ ಪ್ರಾಂತದಲ್ಲಿ ವೈದ್ಯ. ತಲೆ ನರೆತ ಸಂಸಾರಸ್ಥ. "ನಮ್ಮ ಕಡೆಗೆ ಬನ್ನಿ ಸಾರ್, ಅಗಾಥಾ ಕ್ರಿಸ್ಟಿಯ ಊರು ತೋರಿಸುತ್ತೇನೆ" ಎಂದ. ಪತ್ತೇದಾರಿ ಬರೆಯುವವರಿಗೂ ಒಂದು ಊರು, ಆ ಊರಿಗೊಂದು ಯಾತ್ರೆ! ನಾನು ಒಳಗೊಳಗೇ ನಕ್ಕೆ. ಆದರೆ ಓದದೆ ನೋಡಲು ಹೋಗುವುದು ಮೇಷ್ಟ್ರಿಗೆ ತರವಲ್ಲವೆಂದು ಮಗಳ ಕಪಾಟಿನಿಂದ ಅವಳ ಆತ್ಮಕಥೆಯನ್ನೂ ನಾಲ್ಕೈದು ಕಾದಂಬರಿಗಳನ್ನೂ ತೆಗೆದುಕೊಂಡು ಕುಳಿತೆ. ಎರಡು ವಾರ ಮನೆಯವರಿಗೆ ನನ್ನ ಮುಖ ಕಂಡದ್ದು ಊಟದ ಹೊತ್ತಿನಲ್ಲಿ ಮಾತ್ರ.

ಆ ಓದಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊಲೆಗಳಿಗಿಂತ ಹೆಚ್ಚಾಗಿ ಆ ಹೆಣ್ಣುಮಗಳು ದುಡಿದ ರೀತಿ. 1890ರಲ್ಲಿ ಕಡಲತೀರದ ಟಾರ್ಕಿ ಪಟ್ಟಣದಲ್ಲಿ ಹುಟ್ಟಿದವಳು. ಬಾಲ್ಯದಲ್ಲಿ ಕ್ರಮವಾದ ಶಾಲೆಯ ಮುಖ ಕಂಡದ್ದು ಬಹಳ ಕಡಿಮೆ. ಎಂಟು ವರ್ಷವಾಗುವವರೆಗೆ ಮಗುವಿಗೆ ಓದು ಕಲಿಸಕೂಡದೆಂಬುದು ತಾಯಿಯ ಅಭಿಪ್ರಾಯವಾಗಿದ್ದರೂ ಅಷ್ಟರೊಳಗೇ ಅವಳು ತಾನಾಗಿ ಓದಲು ಕಲಿತುಬಿಟ್ಟಿದ್ದಳು. ನಿನ್ನಿಂದ ಪತ್ತೇದಾರಿ ಕಥೆ ಬರೆಯಲಾಗದು ಎಂದು ಅಕ್ಕ ಕೆಣಕಿದ್ದು ಮನಸ್ಸಿನಲ್ಲಿ ಉಳಿದಿತ್ತು. ಮೊದಲನೆಯ ಮಹಾಯುದ್ಧ ಬಂದಾಗ ಊರಿನ ಆಸ್ಪತ್ರೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದಳು. ಆಮೇಲೆ ಔಷಧಾಲಯದಲ್ಲಿ ಕೆಲಸ, ಅದಕ್ಕಾಗಿ ಪರೀಕ್ಷೆ. ಸುತ್ತಲೂ ಶೀಷೆಗಳಲ್ಲಿ ವಿಷ. ಔಷಧಕ್ಕೂ ವಿಷಕ್ಕೂ ಪ್ರಮಾಣದ ವ್ಯತ್ಯಾಸವಷ್ಟೆ. ಊರಿನಲ್ಲಿ ಬೆಲ್ಜಿಯಂ ದೇಶದ ನಿರಾಶ್ರಿತರು ಆಶ್ರಯ ಪಡೆದಿದ್ದರು. ವಿಷದ ಜ್ಞಾನದಿಂದ ಕಥೆಯೂ ನಿರಾಶ್ರಿತರ ನಡುವಿನಿಂದ ಹರ್ಕ್ಯೂಲ್ ಪೊಯಿರೊ ಎಂಬ ಮೀಸೆಯ ಪತ್ತೇದಾರನೂ ಹುಟ್ಟಿದರು.

1916ರಲ್ಲಿ ಬರೆದ ಆ ಮೊದಲ ಕಾದಂಬರಿಯನ್ನು ಹಲವು ಪ್ರಕಾಶಕರು ತಿರಸ್ಕರಿಸಿದರು. ಅಮೆರಿಕದಲ್ಲಿ ಅದು ಅಚ್ಚಾದದ್ದು 1920ರಲ್ಲಿ, ಇಂಗ್ಲೆಂಡಿನಲ್ಲಿ 1921ರಲ್ಲಿ. ಅದರಿಂದ ಅವಳ ಕೈಗೆ ಬಂದ ಹಣ 25 ಪೌಂಡು! ಆದರೆ ವಿಷದ ವಿವರಗಳು ಕರಾರುವಾಕ್ಕಾಗಿವೆಯೆಂದು ಔಷಧತಜ್ಞರ ಪತ್ರಿಕೆಯೊಂದು ಮೆಚ್ಚಿಕೊಂಡಿತು. ತನಗೆ ಗೊತ್ತಿರುವುದನ್ನು ಸರಿಯಾಗಿ ಬರೆಯುವುದು, ಗೊತ್ತಿಲ್ಲದ್ದನ್ನು ಬಲ್ಲವರಿಂದ ಕೇಳಿ ಬರೆಯುವುದು. ಪ್ರಬಂಧ ಬರೆಯುವ ಮಕ್ಕಳಿಗೆ ನಾವು ಹೇಳಿಕೊಡಬೇಕಾದದ್ದೂ ಇದೇ ಅಲ್ಲವೆ?

1926 ಅವಳ ಬಾಳಿನ ಕಷ್ಟದ ವರ್ಷ. ತಾಯಿ ತೀರಿಕೊಂಡಳು. ಗಂಡ ಬೇರೊಬ್ಬಳನ್ನು ಮೆಚ್ಚಿ ವಿಚ್ಛೇದನ ಕೇಳಿದ. ಡಿಸೆಂಬರ್ 3ರ ರಾತ್ರಿ ಮನೆ ಬಿಟ್ಟು ಹೊರಟವಳು ಹನ್ನೊಂದು ದಿನ ಯಾರಿಗೂ ಸಿಗಲಿಲ್ಲ. ದೇಶವೇ ಹುಡುಕಿತು. ಕೊನೆಗೆ ಹ್ಯಾರೊಗೇಟ್ ಎಂಬ ಊರಿನ ಹೋಟೆಲಿನಲ್ಲಿ, ಗಂಡ ಮೆಚ್ಚಿದ್ದ ಆ ಹೆಂಗಸಿನ ಮನೆಹೆಸರನ್ನೇ ತನ್ನದೆಂದು ಬರೆಸಿಕೊಂಡು ತಂಗಿದ್ದುದು ಪತ್ತೆಯಾಯಿತು. ಆ ಹನ್ನೊಂದು ದಿನಗಳ ವಿಷಯವನ್ನು ಆತ್ಮಕಥೆಯಲ್ಲಿ ಅವಳು ಎತ್ತುವುದೇ ಇಲ್ಲ. ಲಕ್ಷಾಂತರ ಓದುಗರಿಗೆ ಒಗಟು ಬಿಡಿಸಿ ತೋರಿಸಿದವಳು ತನ್ನ ಒಗಟನ್ನು ಮಾತ್ರ ಬಿಡಿಸದೆ ಹೋದಳು. ಅದು ಅವಳ ಹಕ್ಕು ಎಂದೇ ನನ್ನ ಭಾವನೆ.

ಅದಾದ ಕೆಲವೇ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ಕೆನರಿ ದ್ವೀಪಗಳಿಗೆ ಹೋಗಿ ಅಲ್ಲಿ ಅರ್ಧಕ್ಕೆ ನಿಂತಿದ್ದ ಕಾದಂಬರಿಯೊಂದನ್ನು ಮುಂದುವರಿಸಿದಳು. ಮನಸ್ಸಿಲ್ಲ, ಉತ್ಸಾಹವಿಲ್ಲ, ಆದರೆ ಹಣ ಬೇಕು. ಮನಸ್ಸು ಒಲ್ಲದಿದ್ದರೂ, ಬರೆಯುತ್ತಿರುವುದು ತನಗೇ ಹಿಡಿಸದಿದ್ದರೂ ಬರೆಯುವುದೇ ವೃತ್ತಿಯ ಲಕ್ಷಣವೆಂದು ಆಗ ತಿಳಿದುಕೊಂಡೆನೆಂಬ ಅರ್ಥದ ಮಾತು ಆತ್ಮಕಥೆಯಲ್ಲಿದೆ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಮನೆಯಲ್ಲಿ ಕಾಯಿಲೆಯಿದ್ದ ದಿನವೂ ಸಾವಾದ ಮರುವಾರವೂ ಬೆಳಗ್ಗೆ ಸೀಮೆಸುಣ್ಣ ಹಿಡಿದು ಕಪ್ಪು ಹಲಗೆಯ ಮುಂದೆ ನಿಂತವರಿಗೆ ಆ ಮಾತಿನ ತೂಕ ತಿಳಿಯುತ್ತದೆ.

ಬರೆಯಲು ಅವಳಿಗೆ ಬೇಕಾಗಿದ್ದುದು ಅಲುಗಾಡದ ಒಂದು ಮೇಜು ಮತ್ತು ಒಂದು ಟೈಪ್‌ರೈಟರ್. ಮಲಗುವ ಕೋಣೆಯಲ್ಲಿ ಮುಖ ತೊಳೆಯಲು ಇಡುವ ಅಮೃತಶಿಲೆಯ ಹಲಗೆಯ ಮೇಜಾದರೂ ಸರಿ, ಊಟದ ಮೇಜಾದರೂ ಸರಿ. ಸರಕಾರಿ ನಮೂನೆಗಳಲ್ಲಿ ವೃತ್ತಿ ಎಂಬಲ್ಲಿ 'ಗೃಹಿಣಿ' ಎಂಬರ್ಥದ ಮಾತನ್ನೇ ಬರೆಯುತ್ತಿದ್ದಳಂತೆ. ಅವಳ ಟಿಪ್ಪಣಿ ಪುಸ್ತಕಗಳು 73 ಉಳಿದಿವೆ. ಯಾವುದರಲ್ಲೂ ಕ್ರಮವಿಲ್ಲ, ಒಂದು ಪುಟದಲ್ಲಿ ಕೊಲೆಯ ಉಪಾಯ, ಇನ್ನೊಂದರಲ್ಲಿ ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ. ಮನೆವಾರ್ತೆಯ ನಡುವೆ ಬಿಡುವು ಕದ್ದು ಬರೆದ ನಮ್ಮ ಕನ್ನಡದ ಲೇಖಕಿಯರನ್ನು ಬಲ್ಲವರಿಗೆ ಇದು ಅಪರಿಚಿತ ದೃಶ್ಯವೇನಲ್ಲ. ಹಾಗೆ ಬರೆದೇ ಅವಳು 66 ಪತ್ತೇದಾರಿ ಕಾದಂಬರಿಗಳನ್ನು ಮುಗಿಸಿದಳು. 1952ರಲ್ಲಿ ಲಂಡನ್ನಿನಲ್ಲಿ ರಂಗವೇರಿದ ಅವಳ 'ಮೌಸ್‌ಟ್ರ್ಯಾಪ್' ನಾಟಕ ಕೊರೊನಾ ಕಾಲದಲ್ಲಿ, 2020ರ ಮಾರ್ಚಿನಿಂದ 2021ರ ಮೇ ತಿಂಗಳವರೆಗೆ, ನಿಂತಿದ್ದುದನ್ನು ಬಿಟ್ಟರೆ ದಶಕಗಳ ಕಾಲ ಎಡೆಬಿಡದೆ ನಡೆದಿದೆ.

ಅವಳಲ್ಲಿ ದೋಷಗಳಿಲ್ಲವೆಂದಲ್ಲ. ಪರದೇಶದವರನ್ನೂ ಮನೆಯಾಳುಗಳನ್ನೂ ಕುರಿತ ಅವಳ ಕೆಲವು ಮಾತುಗಳನ್ನು ಇಂದು ಓದಿದರೆ ಮನಸ್ಸು ಮುದುಡುತ್ತದೆ. ದ್ವೀಪದಲ್ಲಿ ಹತ್ತು ಜನ ಒಬ್ಬೊಬ್ಬರಾಗಿ ಸಾಯುವ 1939ರ ಪ್ರಸಿದ್ಧ ಕಾದಂಬರಿಯ ಮೊದಲ ಹೆಸರು ಕಪ್ಪುಜನರಿಗೆ ಅವಮಾನಕರವಾದದ್ದು, ಅದನ್ನು ಬದಲಿಸಬೇಕಾಯಿತು. ಕಥೆಗಳಲ್ಲಿ ಒಗಟಿದೆ, ಬದುಕಿನ ಆಳವಿಲ್ಲವೆಂದು ದೂರಿದವರೂ ಉಂಟು. 1945ರಲ್ಲಿ ಎಡ್ಮಂಡ್ ವಿಲ್ಸನ್ ಎಂಬ ಅಮೆರಿಕದ ವಿಮರ್ಶಕ ಇಡೀ ಪತ್ತೇದಾರಿ ಪ್ರಕಾರವನ್ನೇ ಹೀಗಳೆದು ಬರೆದ. ಅಂದರೆ ನನ್ನಂಥ ಮೇಷ್ಟ್ರುಗಳು ಅಲ್ಲೂ ಇದ್ದರು. ಅವನ ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಎಲ್ಲ ಊಟವೂ ಹಬ್ಬದ ಊಟವಾಗಬೇಕೆಂದು ಹಟ ಹಿಡಿದರೆ ಮನುಷ್ಯ ಬದುಕುವುದು ಹೇಗೆ? ಹಸಿವನ್ನು ಹುಟ್ಟಿಸುವುದೂ ಒಂದು ಉಪಕಾರವೇ.

ಇನ್ನು ಯಾತ್ರೆಯ ವಿಷಯ. ಮಗಳ ಮನೆಯಿಂದ ದೂರವಲ್ಲದ ಚೋಲ್ಸಿ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವಳ ಸಮಾಧಿಯಿದೆ. 1976ರ ಜನವರಿ 12ರಂದು ತೀರಿಕೊಂಡವಳು. ಎರಡು ವರ್ಷದ ನಂತರ ಎರಡನೆಯ ಗಂಡ, ಪುರಾತತ್ವಜ್ಞ ಮ್ಯಾಕ್ಸ್ ಮ್ಯಾಲೋವನ್ ಪಕ್ಕಕ್ಕೆ ಬಂದ. ಅಲ್ಲಿಂದ ಡೆವನ್ನಿಗೆ ಹೋದೆ. ಟಾರ್ಕಿಯಲ್ಲಿ ಶಿಷ್ಯ ನನ್ನನ್ನು ಮೊದಲು ಕರೆದೊಯ್ದದ್ದು ಅವಳ ಹುಟ್ಟಿದ ಮನೆಯ ಜಾಗಕ್ಕೆ. ಮನೆ ಇಲ್ಲ. ಅವಳಿನ್ನೂ ಬದುಕಿದ್ದಾಗಲೇ, 1960ರ ದಶಕದ ಮೊದಲಲ್ಲಿ, ಅದನ್ನು ಕೆಡವಿದರು. ಊರಿನ ತುಂಬ ಅವಳ ಹೆಸರು, ಕಡಲ ಬಳಿ ಅವಳ ಪ್ರತಿಮೆ, ವರ್ಷವರ್ಷವೂ ಸೆಪ್ಟೆಂಬರಿನಲ್ಲಿ ಉತ್ಸವ; ಹುಟ್ಟಿದ ಮನೆ ಮಾತ್ರ ಇಲ್ಲ!

ಅಷ್ಟೇ ಅಲ್ಲ. ಅವಳ ಹೆಸರಿನ ಯಾತ್ರಾಸ್ಥಳಗಳ ಪಟ್ಟಿ ನೋಡಿದರೆ ವಿಚಿತ್ರವೆನಿಸುತ್ತದೆ. ಇಸ್ತಾಂಬುಲಿನ ಪೆರಾ ಪ್ಯಾಲೇಸ್ ಹೋಟೆಲಿನಲ್ಲಿ 411ನೆಯ ಕೋಣೆಯನ್ನು ತೋರಿಸಿ ಓರಿಯಂಟ್ ಎಕ್ಸ್‌ಪ್ರೆಸ್ಸಿನ ಕಾದಂಬರಿ ಇಲ್ಲಿಯೇ ಹುಟ್ಟಿತು ಎನ್ನುತ್ತಾರೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ನಿಜವಾಗಿ ಆಧಾರವಿರುವುದು ಬೇರೊಂದು ಸಂಗತಿಗೆ. 1928ರಲ್ಲಿ ವೆಸ್ಟ್ ಇಂಡೀಸಿಗೆ ಹೊರಟಿದ್ದವಳು, ಊಟದ ಮೇಜಿನಲ್ಲಿ ಬಾಗ್ದಾದಿನ ವಿಷಯ ಕೇಳಿ, ಟಿಕೆಟ್ಟನ್ನು ಬದಲಿಸಿ ಆ ರೈಲು ಹತ್ತಿದಳು. ಆ ಪ್ರಯಾಣ ಅವಳಿಗೆ ಮೆಸೊಪೊಟೇಮಿಯವನ್ನು ತೋರಿಸಿತು, ಎರಡನೆಯ ಸಲ ಹೋದಾಗ ಮ್ಯಾಕ್ಸನ ಪರಿಚಯವಾಯಿತು, 1930ರಲ್ಲಿ ಮದುವೆ. 1931ರ ಡಿಸೆಂಬರಿನಲ್ಲಿ ಒಬ್ಬಳೇ ಮರಳುವಾಗ ಪ್ರವಾಹದಿಂದ ಹಳಿ ಕೆಟ್ಟು ರೈಲು ದಾರಿಯಲ್ಲೇ ನಿಂತುಬಿಟ್ಟಿತು. ಪೇಚಿಗೆ ಸಿಕ್ಕಿದ ಪ್ರಯಾಣಿಕರ ಮಾತುಕತೆಯನ್ನೆಲ್ಲ ಗಂಡನಿಗೆ ಪತ್ರ ಬರೆದಳು. 1934ರಲ್ಲಿ ಕಾದಂಬರಿ ಬಂತು.

ಇರಾಕಿನ ನಿಮ್ರೂದ್ ಎಂಬಲ್ಲಿ ಗಂಡ ಉತ್ಖನನ ಮಾಡುತ್ತಿದ್ದಾಗ ಅವಳಿಗಾಗಿ ಹಸಿ ಇಟ್ಟಿಗೆಯ ಒಂದು ಕೋಣೆ ಕಟ್ಟಿಸಿದ್ದರು. ಮಣ್ಣಿನಿಂದ ಬಂದ ಸಾವಿರಾರು ವರ್ಷ ಹಳೆಯ ದಂತದ ಕೆತ್ತನೆಗಳನ್ನು ತನ್ನ ಮುಖಕ್ಕೆ ಹಚ್ಚುವ ಕ್ರೀಮಿನಿಂದ ಮೆಲ್ಲಗೆ ಶುಚಿ ಮಾಡುತ್ತಿದ್ದಳು. ಆತ್ಮಕಥೆಯ ಮೊದಲ ಪುಟಗಳನ್ನು 1950ರಲ್ಲಿ ಬರೆದದ್ದು ಅಲ್ಲಿಯೇ. ನಿಮ್ರೂದಿನ ಆ ಪ್ರಾಚೀನ ಅರಮನೆಯ ಅವಶೇಷಗಳನ್ನು 2015ರಲ್ಲಿ ಐಸಿಸ್ ಉಗ್ರರು ಸ್ಫೋಟಿಸಿದರು.

ಹುಟ್ಟಿದ ಮನೆಯನ್ನು ಕೆಡವಿದ್ದಾಯಿತು. ಅರಮನೆಯ ಅವಶೇಷವೂ ಹೋಯಿತು. ಹೋಟೆಲಿನ ಕೋಣೆಗೆ ಸಾಕ್ಷಿಯಿಲ್ಲ. ಹಾಗಾದರೆ ಓದುಗ ಹೋಗುವುದಾದರೂ ಎಲ್ಲಿಗೆ? ಅವಳು 1938ರಲ್ಲಿ ಕೊಂಡ ಗ್ರೀನ್‌ವೇ ಎಂಬ ಮನೆಯೊಂದಿದೆ. ಡಾರ್ಟ್ ನದಿಯ ದಂಡೆಯ ಏರಿನಲ್ಲಿ, ಮರಗಳ ನಡುವೆ ಬಿಳಿಯ ಮನೆ. 2000ದಲ್ಲಿ ಕುಟುಂಬದವರು ಅದನ್ನು ನ್ಯಾಷನಲ್ ಟ್ರಸ್ಟಿಗೆ ಕೊಟ್ಟರು. 2009ರಿಂದ ಮನೆಯೊಳಗೂ ಪ್ರವೇಶವುಂಟು. ಆದರೆ ಅದು ರಜೆಯ ಮನೆ. ಅವಳು ಅಲ್ಲಿ ಬರೆದದ್ದಕ್ಕಿಂತ ಹೊಸ ಕಾದಂಬರಿಯನ್ನು ಮನೆಮಂದಿಗೆ ಓದಿಹೇಳಿದ್ದೇ ಹೆಚ್ಚು. ಕೊಲೆಗಾರ ಯಾರೆಂದು ಊಹಿಸುವ ಸ್ಪರ್ಧೆ ನಡೆಯುತ್ತಿತ್ತಂತೆ.

ಈ ಮನೆಯಲ್ಲಿ ನನ್ನ ಗಮನ ವಸ್ತುಗಳಿಗಿಂತ ಜನರ ಕಡೆಗೇ ಹೋಯಿತು. ಸಾಲಿನಲ್ಲಿ ಎರಡು ಬಗೆಯವರಿದ್ದರು. ಒಂದು ಬಗೆಯವರು ಬಂದರು, ಚಿತ್ರ ತೆಗೆದರು, ಚಹಾ ಕುಡಿಯಲು ಹೋದರು. ಇನ್ನೊಂದು ಬಗೆಯವರು ಕೆಳಗೆ ನದಿಯ ಬಳಿಯಿರುವ ದೋಣಿಮನೆಯ ಮುಂದೆ ನಿಂತು ಸದ್ದಿಲ್ಲದೆ ಒಳಗೆ ಇಣುಕುತ್ತಿದ್ದರು. 1956ರಲ್ಲಿ ಬಂದ ಒಂದು ಕಾದಂಬರಿಯಲ್ಲಿ ಹುಡುಗಿಯೊಬ್ಬಳ ಶವ ಸಿಗುವುದು ಇಂಥದೇ ದೋಣಿಮನೆಯಲ್ಲಿ. ಓದಿದವರಿಗೆ ಅದು ಗೊತ್ತು. ಓದದವರಿಗೆ ಅದೊಂದು ತೇವ ಹಿಡಿದ ಹಳೆಯ ಕಟ್ಟಡ. ಸಾಹಿತ್ಯಯಾತ್ರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟೆ: ಸ್ಥಳ ಪುಸ್ತಕಕ್ಕೆ ಏನನ್ನೂ ಕೊಡುವುದಿಲ್ಲ, ಪುಸ್ತಕವೇ ಸ್ಥಳಕ್ಕೆ ಕೊಡುವುದು. ಓದದೆ ಹೋದವನು ಬಸ್ಸಿನ ದುಡ್ಡು ಕಳೆದುಕೊಂಡಂತೆ. ಓದಿ ಹೋದವನಿಗೆ ಮನೆ ಬಿದ್ದುಹೋಗಿದ್ದರೂ ನಷ್ಟವಿಲ್ಲ.

ಅದೇ ದೋಣಿಮನೆಯ ಬಳಿ, ಒಂದು ಕಲ್ಲಿನ ಮೇಲೆ ಕುಳಿತು ನದಿ ನೋಡುತ್ತಿದ್ದಾಗ, ಶಿಷ್ಯ ಮೆಲ್ಲಗೆ ಕೇಳಿದ. "ಸಾರ್, ಅವತ್ತು ನನ್ನ ಕೈಯಿಂದ ತೆಗೆದುಕೊಂಡ ಪುಸ್ತಕ ಏನು ಮಾಡಿದಿರಿ?"

ನನಗೆ ನಾಲಗೆ ಒಣಗಿತು. ವರ್ಷದ ಕೊನೆಯಲ್ಲಿ ಕೊಡೋಣವೆಂದು ಬೀರುವಿನಲ್ಲಿಟ್ಟಿದ್ದೆ; ಆ ಬೇಸಗೆಯಲ್ಲಿ ವರ್ಗವಾಯಿತು; ಪುಸ್ತಕ ಅಲ್ಲಿಯೇ ಉಳಿಯಿತು. ಹೇಳಿದೆ.

"ಅದು ಬಾಡಿಗೆಯ ಪುಸ್ತಕ ಸಾರ್. ವಾಪಸು ಕೊಡಲಿಲ್ಲವೆಂದು ಠೇವಣಿ ಮುರಿದುಕೊಂಡರು. ಅಪ್ಪನಿಗೆ ಹೇಳುವ ಹಾಗಿರಲಿಲ್ಲ. ಮತ್ತೆ ಠೇವಣಿ ಕಟ್ಟಲು ದುಡ್ಡಿರಲಿಲ್ಲ. ಕಾಲೇಜಿಗೆ ಹೋಗುವವರೆಗೆ ಪಠ್ಯ ಬಿಟ್ಟು ಬೇರೆ ಪುಸ್ತಕ ಮುಟ್ಟಲಿಲ್ಲ ಸಾರ್." ಅವನ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವನೇ ನಕ್ಕು ಹೇಳಿದ: "ಕೊನೆಯ ಹತ್ತು ಪುಟ ಉಳಿದಿತ್ತು ಸಾರ್. ಕೊಲೆ ಮಾಡಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ."

ಈಗ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಿತ್ತುಕೊಂಡ ರಾತ್ರಿ ಆ ಪುಸ್ತಕವನ್ನು ನಾನು ಮನೆಗೆ ಒಯ್ದಿದ್ದೆ. ಏನಿರಬಹುದೆಂದು ಒಂದು ಪುಟ ತಿರುವಿದವನು ಮುಗಿಸಿಯೇ ದೀಪ ಆರಿಸಿದ್ದು. ಮರುದಿನ ಬೆಳಗ್ಗೆ ಅದನ್ನು ಶಾಲೆಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಧ್ಯಾಹ್ನ ಮಕ್ಕಳಿಗೆ ಸದ್ಗ್ರಂಥಗಳ ಮಹತ್ವವನ್ನು ಬೋಧಿಸಿದೆ. ನಲವತ್ತು ವರ್ಷ ಆ ಕಥೆಯ ಕೊನೆ ನನ್ನೊಬ್ಬನಲ್ಲಿಯೇ ಉಳಿದಿತ್ತು.

"ಗುಮಾಸ್ತ ಕಣಯ್ಯಾ, ಸಾಹುಕಾರರ ಲೆಕ್ಕ ಬರೆಯುತ್ತಿದ್ದನಲ್ಲ, ಅವನು" ಎಂದೆ.

ಅವನ ಮುಖ ಅರಳಿತು. "ನೀವೂ ಓದಿದ್ದಿರಾ ಸಾರ್! ನಾನು ಅವನೇ ಅಂದುಕೊಂಡಿದ್ದೆ!"

ಆ ಒಂದು ಕ್ಷಣ ಅವನು ಮತ್ತೆ ಒಂಬತ್ತನೆಯ ತರಗತಿಯ ಹುಡುಗನಾಗಿದ್ದ. ನಾನು ಅವನ ಕೈ ಹಿಡಿದು "ತಪ್ಪು ಮಾಡಿದೆನಪ್ಪ" ಎಂದೆ. ಅವನಿಗೆ ಮುಜುಗರವಾಯಿತು. "ಬಿಡಿ ಸಾರ್, ದೋಣಿ ಬರುವ ಹೊತ್ತಾಯಿತು" ಎಂದು ಎದ್ದ.

ಆ ಪುಟ್ಟ ಪುಸ್ತಕವನ್ನು ಹಿಡಿದಿದ್ದ ಹುಡುಗ ಸುಳಿವುಗಳನ್ನು ಜೋಡಿಸುತ್ತಿದ್ದ, ಕಾರಣದಿಂದ ಕಾರ್ಯಕ್ಕೆ ಹೋಗುತ್ತಿದ್ದ, ಕಣ್ಣಿಗೆ ಕಂಡದ್ದನ್ನೆಲ್ಲ ನಂಬದೆ ಪರೀಕ್ಷಿಸುತ್ತಿದ್ದ. ಪೂರ್ಣ ಕಥೆ ಓದದೆಯೇ ಸರಿಯಾದ ತೀರ್ಮಾನಕ್ಕೆ ಬಂದಿದ್ದ. ಮುಂದೆ ವೈದ್ಯನಾಗಿ ರೋಗದ ಮೂಲ ಹುಡುಕುವವನಿಗೆ ಬೇಕಾದ ಗುಣಗಳು ಇವೇ ಅಲ್ಲವೆ? ನಾನು ಹೇಳುತ್ತಿದ್ದ ಪದ್ಯ ಅವನಿಗೆ ಕೊಡಬಹುದಾಗಿದ್ದ ಸಂಪತ್ತೇ ಬೇರೆ; ಅದು ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ಕೊಡಲಾಗುವುದಿಲ್ಲ. ಕಿತ್ತುಕೊಂಡ ಕೈಯಿಂದ ಕೊಟ್ಟದ್ದನ್ನು ಮಗು ತೆಗೆದುಕೊಳ್ಳುವುದಿಲ್ಲ.

ಊರಿಗೆ ಮರಳಿದ ಮೇಲೆ ನಮ್ಮ ನಾಡಿನ ಯಾತ್ರಾಸ್ಥಳಗಳನ್ನೂ ನೆನೆದೆ. ಕುಪ್ಪಳಿಯ ಕವಿಮನೆಯನ್ನು ನೋಡಿ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ 2011ರಲ್ಲಿ ನೆಲಸಮವಾಗುವುದರಲ್ಲಿತ್ತು. ಅಭಿಮಾನಿಗಳು ದನಿಯೆತ್ತಿದ್ದರಿಂದ ಉಳಿದು 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲುನಿಲ್ದಾಣದಲ್ಲಿ, ಮಾಲ್ಗುಡಿಯ ಧಾರಾವಾಹಿ ಚಿತ್ರೀಕರಣವಾದ ಕಡೆ, 2020ರಲ್ಲಿ ಒಂದು ಸಂಗ್ರಹಾಲಯ ತೆರೆದರು. ಭೂಪಟದಲ್ಲೇ ಇಲ್ಲದ ಊರನ್ನು ನೋಡಲು ಜನ ರೈಲಿಳಿಯುತ್ತಾರೆ. ಇದು ಸಂತೋಷದ ವಿಷಯ.

ಆದರೆ 2011ರಲ್ಲಿ ತೀರಿಕೊಂಡ ನರಸಿಂಹಯ್ಯನವರಂಥ ಲೇಖಕರ ಋಣವನ್ನು ನಾವು ತೀರಿಸಿದ್ದೇವೆಯೆ? ಅಗ್ಗದ ಕಾಗದದಲ್ಲಿ ಅಚ್ಚಾದ ಆ ಪುಸ್ತಕಗಳು ಪುಡಿಯಾಗುತ್ತಿವೆ. ಮನೆ ಕಟ್ಟಿ ಫಲಕ ಹಾಕುವುದು ದೊಡ್ಡವರ ಕೆಲಸ, ನಮ್ಮಿಂದಾಗುವ ಕೆಲಸವೊಂದಿದೆ. ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ, ಹಳೆಯ ಮನೆಯ ಅಟ್ಟದಲ್ಲಿ ಅಂಥ ಪುಸ್ತಕಗಳಿದ್ದರೆ ರದ್ದಿಗೆ ಹಾಕಬೇಡಿ. ಒರೆಸಿ, ಹೊದಿಕೆ ಹಾಕಿ, ಹತ್ತಿರದ ಗ್ರಂಥಾಲಯಕ್ಕೆ ಕೊಡಿ. ಕೊಡುವ ಮೊದಲು ಒಮ್ಮೆ ಓದಿ. ನಿಮ್ಮ ಮಗನೋ ಮೊಮ್ಮಗಳೋ ಬಂದು ಪಕ್ಕದಲ್ಲಿ ಇಣುಕಿದರೆ ಜಾಗ ಬಿಡಿ.

ನಾನು ಕಳೆದ ಪುಸ್ತಕದ ಇನ್ನೊಂದು ಪ್ರತಿಗಾಗಿ ಮೈಸೂರಿನಲ್ಲೂ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲೂ ಹುಡುಕಿದ್ದೇನೆ. ಇನ್ನೂ ಸಿಕ್ಕಿಲ್ಲ. ಸಿಕ್ಕಿದ ದಿನ ಅದು ಅಂಚೆಯಲ್ಲಿ ಡೆವನ್ನಿಗೆ ಹೋಗುತ್ತದೆ. ಕೊನೆಯ ಹತ್ತು ಪುಟಗಳನ್ನು ಅವನು ತಾನೇ ಓದಿಕೊಳ್ಳಲಿ.